ಏಳು ದಿನ, ಹನ್ನೊಂದು ನದಿ

ಪ್ರವಾಸಪ್ರಿಯರಲ್ಲಿ ಎರಡು ಪಂಗಡಗಳುಂಟು. ನೋಡಿ ಬಂದ ಊರುಗಳನ್ನು ಎಣಿಸುವವರದು ಒಂದು ಪಂಗಡ. ಕುಳಿತು ಎದ್ದ ಜಾಗಗಳನ್ನು ನೆನೆಯುವವರದು ಇನ್ನೊಂದು. ಈ ಎರಡು ಪಂಗಡಗಳವರು ಬೇರೆ ಬೇರೆ ಮನೆಗಳಲ್ಲಿದ್ದರೆ ಲೋಕಕ್ಕೆ ಯಾವ ಬಾಧಕವೂ ಇಲ್ಲ. ಆದರೆ ವಿಧಿಗೆ ವಿನೋದದ ಚಪಲ ಹೆಚ್ಚು. ಅದು ಒಂದೊಂದು ಪಂಗಡದಿಂದ ಒಬ್ಬೊಬ್ಬರನ್ನು ಆರಿಸಿ ತಂದು, ಒಂದೇ ಹಸೆಯ ಮೇಲೆ ಕುಳ್ಳಿರಿಸಿ, ಧಾರೆ ಎರೆಸಿಬಿಡುತ್ತದೆ. ತಮ್ಮ ಪಂಗಡಗಳು ಬೇರೆ ಎಂಬುದು ಸಂಸಾರದ ಗದ್ದಲದಲ್ಲಿ ಎಷ್ಟೋ ವರ್ಷ ಇಬ್ಬರಿಗೂ ತಿಳಿಯುವುದೇ ಇಲ್ಲ. ಎಂದೋ ಒಂದು ದಿನ, ಇಬ್ಬರೇ ಒಂದು ವಾರ ಹೊರಗೆ ಹೋಗಿ ಬರೋಣವೆಂದು ಕಾಗದ ಪೆನ್ಸಿಲು ಹಿಡಿದು ಕುಳಿತಾಗ ಮಾತ್ರ ಗುಟ್ಟು ಹೊರಬೀಳುತ್ತದೆ.

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಬೇಗೂರು ಕಾಳಗಕ್ಕೆ ಹೊಸ ಊರಲ್ಲ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ, ಒಂದು ಶಾಸನವಿದೆ. ‘ಬೆಂಗಳೂರು’ ಎಂಬ ಹೆಸರು ಬರೆಹದಲ್ಲಿ ಮೊದಲು ಕಾಣಸಿಗುವುದು ಆ ಕಲ್ಲಿನ ಮೇಲೆ. ಅದೂ ಒಂದು ಕಾಳಗದ ಸಂಬಂಧವಾಗಿ. ಅಂಥ ಊರಿನಲ್ಲಿ, ಊಟದ ಮೇಜಿನ ಎರಡು ಬದಿಗಳಿಂದ ಸಣ್ಣದೊಂದು ಕಾಳಗ ನಡೆದುದು ಸೋಜಿಗವಲ್ಲ. ಈ ಕಾಳಗಕ್ಕೆ ವೀರಗಲ್ಲು ನಿಲ್ಲಿಸುವವರು ಯಾರೂ ಇಲ್ಲವಷ್ಟೆ.

ಮನೆಯ ಯಜಮಾನರಿಗೆ ಐವತ್ತಾರು ವರ್ಷ. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೂರು ದಶಕಗಳನ್ನು ಕಳೆದವರು. ಗೃಹಿಣಿಗೆ ಐವತ್ತೊಂದು; ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ‘ಕಲಿಸುತ್ತಿದ್ದವರು’ ಎನ್ನುವುದಕ್ಕೆ ಕಾರಣವಿದೆ. ಅತ್ತೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ವರ್ಷ ಆಕೆ ಕೆಲಸವನ್ನು ಬಿಟ್ಟರು. ಆ ಹಿರಿಯ ಜೀವ ಎಂಟು ವರ್ಷ ಹಾಸಿಗೆಯಲ್ಲಿದ್ದು ಕಣ್ಣು ಮುಚ್ಚಿತು. ಆ ಎಂಟು ವರ್ಷಗಳಲ್ಲಿ ಗಂಡಹೆಂಡಿರು ಒಟ್ಟಿಗೆ ಮನೆಯ ಹೊರಗೆ ಒಂದು ರಾತ್ರಿಯನ್ನೂ ಕಳೆದುದಿಲ್ಲ. ಮದುವೆ ಮುಂಜಿಗಳಿಗೆ ಒಬ್ಬರು ಹೋದರೆ ಇನ್ನೊಬ್ಬರು ಮನೆಯಲ್ಲಿ. ಮಗನ ಪದವಿ ಪ್ರದಾನಕ್ಕೆ ತಂದೆಯೊಬ್ಬರೇ. ಈಗ ವರ್ಷಾಬ್ದಿಕ ಮುಗಿದಿತ್ತು. ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದ. ಗಂಟೆಗೊಮ್ಮೆ ಹೋಗಿ ನೋಡಬೇಕಾಗಿದ್ದ ಕೋಣೆ ಖಾಲಿಯಾಗಿತ್ತು. ಒಂದು ರಾತ್ರಿ ಊಟವಾದ ಮೇಲೆ ಯಜಮಾನರು, “ಡಿಸೆಂಬರಿನ ಮೊದಲ ವಾರ ರಜ ಹಾಕುತ್ತೇನೆ. ಕಾರಿನಲ್ಲೇ ಕರಾವಳಿ ಉದ್ದಕ್ಕೂ ಹೋಗಿಬರೋಣ” ಎಂದರು. ಗೃಹಿಣಿ ಪಾತ್ರೆ ತೊಳೆಯುತ್ತಿದ್ದವರು ನಲ್ಲಿಯನ್ನು ನಿಲ್ಲಿಸಿ, “ಇಬ್ಬರೇ?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಸಂತೋಷವೆಷ್ಟು, ಗಾಬರಿಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕಾಲದ ಆಯ್ಕೆಯಲ್ಲಿ ಯಜಮಾನರು ಜಾಣತನವನ್ನೇ ತೋರಿದ್ದರು. ಜೂನಿನಿಂದ ಸೆಪ್ಟೆಂಬರಿನವರೆಗೆ ಕರಾವಳಿ ಮಳೆಗೆ ಸೇರಿದ್ದು. ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳೂ ನಿಂತಿರುತ್ತವೆ. ಏಪ್ರಿಲ್ ಮೇ ತಿಂಗಳ ಸೆಕೆಯನ್ನು ಬೆಂಗಳೂರಿನ ಮೈ ತಾಳಲಾರದು. ಡಿಸೆಂಬರಿನ ಕಡೆಯ ವಾರವೆಂದರೆ ಅರ್ಧ ಬೆಂಗಳೂರೇ ಅಲ್ಲಿರುತ್ತದೆ. ಸಮಸಂಖ್ಯೆಯ ವರ್ಷವಾದರೆ ಜನವರಿ 18ರ ಪರ್ಯಾಯೋತ್ಸವಕ್ಕೆ ಉಡುಪಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಡಿಸೆಂಬರಿನ ಮೊದಲ ವಾರಕ್ಕೆ ಮಳೆ ನಿಂತಿರುತ್ತದೆ, ಜನ ಬಂದಿರುವುದಿಲ್ಲ, ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಇಷ್ಟರ ಮಟ್ಟಿಗೆ ಒಡಂಬಡಿಕೆ ಸುಲಭವಾಗಿಯೇ ಆಯಿತು.

ಮೂರನೆಯ ದಿನ ಯಜಮಾನರು ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. ಉಳ್ಳಾಲ, ಸೋಮೇಶ್ವರ, ಕದ್ರಿ, ಪಣಂಬೂರು, ಸುರತ್ಕಲ್ಲು, ಪಡುಬಿದ್ರಿ, ಕಾಪು, ಉಡುಪಿ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕೋಟ, ಕುಂದಾಪುರ, ಮರವಂತೆ, ಬೈಂದೂರು, ಭಟ್ಕಳ, ಮುರ್ಡೇಶ್ವರ, ಇಡಗುಂಜಿ, ಹೊನ್ನಾವರ, ಮಿರ್ಜಾನ್ ಕೋಟೆ, ಗೋಕರ್ಣ, ಅಂಕೋಲೆ, ಕಾರವಾರ, ಕೊನೆಗೆ ಗೋವೆಯ ಗಡಿ. ಒಟ್ಟು ಇಪ್ಪತ್ತಮೂರು. ಪ್ರತಿಯೊಂದು ಹೆಸರಿನ ಎದುರಿಗೂ ತಲಪುವ ಹೊತ್ತು, ಹೊರಡುವ ಹೊತ್ತು, ವೈಶಿಷ್ಟ್ಯ ಎಂದು ಮೂರು ಕಲಮುಗಳು. ಉಳ್ಳಾಲದ ಎದುರು ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ; ಕಾಪುವಿನ ಎದುರು 1901ರ ದೀಪಸ್ತಂಭ; ಮಿರ್ಜಾನಿನ ಎದುರು ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರೇ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ; ಅಂಕೋಲೆಯ ಎದುರು 1930ರ ಉಪ್ಪಿನ ಸತ್ಯಾಗ್ರಹ; ಕಾರವಾರದ ಎದುರು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ 1880ರ ದಶಕದಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು. ಲೆಕ್ಕಪತ್ರದವರ ಪಟ್ಟಿಯಲ್ಲಿ ಒಂದು ತಪ್ಪನ್ನೂ ಹಿಡಿಯುವಂತಿರಲಿಲ್ಲ.

ಗೃಹಿಣಿ ಪಟ್ಟಿಯನ್ನು ಎರಡು ಸಲ ಓದಿ ಪೆನ್ಸಿಲು ಕೇಳಿ ತೆಗೆದುಕೊಂಡರು. ಗಣಿತದವರಿಗೆ ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸುವ ಅಭ್ಯಾಸ. “ಏಳು ದಿನದಲ್ಲಿ ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಉಳಿದದ್ದು ಐದು. ದಿನಕ್ಕೆ ಹನ್ನೆರಡು ಗಂಟೆಯಂತೆ ಅರವತ್ತು ಗಂಟೆ. ಊಟ, ತಿಂಡಿ, ಗಂಟುಮೂಟೆ ಕಟ್ಟುವುದಕ್ಕೆ ದಿನಕ್ಕೆ ನಾಲ್ಕರಂತೆ ಇಪ್ಪತ್ತು ಕಳೆಯಿರಿ. ರಸ್ತೆಯ ಮೇಲೆ, ಕಾರು ನಿಲ್ಲಿಸುವ ಜಾಗ ಹುಡುಕುವುದರಲ್ಲಿ ಹದಿನೇಳಾದರೂ ಬೇಕು. ಉಳಿದದ್ದು ಇಪ್ಪತ್ತಮೂರು ಗಂಟೆ, ಸ್ಥಳಗಳೂ ಇಪ್ಪತ್ತಮೂರು. ನೋಡಿ, ಶೇಷವಿಲ್ಲದೆ ಭಾಗವಾಯಿತು.” ಆಮೇಲೆ ಪೆನ್ಸಿಲನ್ನು ಕೆಳಗಿಟ್ಟು, “ಸಮುದ್ರಕ್ಕೆ ಒಂದು ಗಂಟೆ. ಶಾಲೆಗೆ ತನಿಖೆಗೆ ಬರುತ್ತಿದ್ದ ಅಧಿಕಾರಿಗಳು ಕೂಡ ಅದಕ್ಕಿಂತ ಹೆಚ್ಚು ಹೊತ್ತು ಕೂರುತ್ತಿದ್ದರು” ಎಂದರು.

“ದೂರವೇನೂ ಇಲ್ಲವಲ್ಲ! ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರು. ಹೆದ್ದಾರಿ ಅಗಲವಾಗಿದೆ. ಸುಮ್ಮನೆ ಓಡಿಸಿದರೆ ಐದಾರು ಗಂಟೆಯ ಕೆಲಸ.”

“ಐದಾರು ಗಂಟೆಯ ಕೆಲಸಕ್ಕೆ ಏಳು ದಿನದ ರಜ ಯಾಕೆ ಹಾಕಿದಿರಿ?”

ಯಜಮಾನರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಆ ರಾತ್ರಿ ಕಾಳಗ ಅಲ್ಲಿಗೆ ನಿಂತಿತು.

ನ್ಯಾಯವಾಗಿ ನೋಡಿದರೆ ಇಲ್ಲಿ ತಪ್ಪು ಯಜಮಾನರೊಬ್ಬರದೇ ಅಲ್ಲ, ಹೆದ್ದಾರಿಯದೂ ಹೌದು. ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಈ ರಸ್ತೆಯ ಇಲ್ಲಿನ ಭಾಗಕ್ಕೆ ಮೊದಲು 17 ಎಂದು ಸಂಖ್ಯೆಯಿತ್ತು. 2010ರ ಮರುವಿಂಗಡಣೆಯಲ್ಲಿ 66 ಆಯಿತು. ನಕ್ಷೆಯಲ್ಲಿ ಅದು ಕಡಲಿನ ಅಂಚಿಗೆ ಹೊಲಿದ ದಾರದಂತೆ ಕಾಣುತ್ತದೆ. ಅದನ್ನು ನೋಡಿದವನಿಗೆ ಕರಾವಳಿಯೆಂದರೆ ಒಂದು ನೇರವಾದ ಗೆರೆ, ಊರುಗಳೆಂದರೆ ಗೆರೆಯ ಮೇಲಿನ ಚುಕ್ಕೆಗಳು. ಆದರೆ ಆ ನೆಲದ ನಿಜವಾದ ರಚನೆ ಅಡ್ಡಲಾಗಿ ಹರಿಯುವ ನದಿಗಳದು. ಸಹ್ಯಾದ್ರಿಯಲ್ಲಿ ಹುಟ್ಟಿ, ಕೆಲವೇ ಹರದಾರಿ ಓಡಿ, ಕಡಲು ಸೇರುವ ಮುಂಚೆ ಅಗಲವಾಗಿ ಅಳಿವೆಯಾಗುವ ನದಿಗಳು. ಸೇತುವೆಗಳು ಎದ್ದು ನಿಲ್ಲುವ ತನಕ ಉದ್ದಕ್ಕೆ ಪ್ರಯಾಣ ಮಾಡುವವರಿಗೆ ಈ ನದಿಗಳೇ ಯಜಮಾನರು. ಬಸ್ಸು ದಡದವರೆಗೆ, ಅಲ್ಲಿಂದ ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು. ತಾರಿ ದಾಟಿಸುವವನು ಬರುವ ತನಕ ವಕೀಲನೂ, ಮೀನು ಬುಟ್ಟಿಯ ಹೆಂಗಸೂ, ಹೊಸ ಮದುಮಗಳೂ ಒಂದೇ ಮರದ ನೆರಳಿನಲ್ಲಿ ಕಾಯಬೇಕು. ಈಗಿನ ಪ್ರಯಾಣಿಕ ಸೇತುವೆಯ ಮೇಲೆ ಅರ್ಧ ನಿಮಿಷದಲ್ಲಿ ನದಿಯನ್ನು ದಾಟುತ್ತಾನೆ. ನದಿಯ ಹೆಸರಿನ ಫಲಕ ಓದುವಷ್ಟರಲ್ಲಿ ಆಚೆ ದಡದಲ್ಲಿರುತ್ತಾನೆ.

ಸೇತುವೆ ಬೇಡವೆಂದು ಯಾರೂ ಹೇಳುವುದಿಲ್ಲ. ಮಳೆಗಾಲದ ಹೊಳೆಯಲ್ಲಿ ಬಸುರಿಯನ್ನು ದೋಣಿಯಲ್ಲಿ ಕೂರಿಸಿ ಆಸ್ಪತ್ರೆಗೆ ಸಾಗಿಸಿದವರಿಗೆ ಸೇತುವೆಯ ಬೆಲೆ ಗೊತ್ತು. ಆದರೆ ವಿನೋದಕ್ಕೆ ಹೋಗುವವನ ಲೆಕ್ಕ ಬೇರೆ. ನದಿ ಮಾಡಿಸುತ್ತಿದ್ದ ಕಾಯುವಿಕೆಯನ್ನು ಸೇತುವೆ ತೆಗೆದುಹಾಕಿದ ಮೇಲೆ, ಅದನ್ನು ತಾನಾಗಿಯೇ ದಿನಚರಿಯಲ್ಲಿ ಸೇರಿಸಿಕೊಳ್ಳದಿದ್ದರೆ ಅವನಿಗೆ ಕರಾವಳಿ ಸಿಕ್ಕುವುದಿಲ್ಲ; ರಸ್ತೆ ಮಾತ್ರ ಸಿಕ್ಕುತ್ತದೆ.

ಮರುದಿನ ಸಂಜೆ ಇಬ್ಬರೂ ಬೇಗೂರು ಕೆರೆಯ ಕಡೆ ನಡೆದು ಹೋದಾಗ ಈ ಮಾತು ಬೇರೆ ದಾರಿಯಿಂದ ಬಂತು. ಗೃಹಿಣಿ ತಮ್ಮ ತಂದೆಯ ಸುದ್ದಿ ತೆಗೆದರು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾಗುವ ತನಕ ದಕ್ಷಿಣ ಕನ್ನಡ ಮದರಾಸಿಗೂ, ಉತ್ತರ ಕನ್ನಡ ಮುಂಬಯಿಗೂ ಸೇರಿದ್ದವು. ಎರಡೂ ಮೈಸೂರಿಗೆ ಬಂದ ಮೇಲೆ ಘಟ್ಟದ ಮೇಲಿನ ನೌಕರರಿಗೆ ಕಡಲ ದಡದ ವರ್ಗಾವಣೆಗಳು ಬರತೊಡಗಿದವು. ಅಂಥವರಲ್ಲಿ ಆಕೆಯ ತಂದೆಯೂ ಒಬ್ಬರು. 1958ರಲ್ಲಿ, ಮದುವೆಗೂ ಮುಂಚೆ, ಅಧ್ಯಾಪಕರಾಗಿ ಹೊನ್ನಾವರಕ್ಕೆ ಹೋಗಿ ಎರಡು ವರ್ಷ ಇದ್ದರು. ಶರಾವತಿಯನ್ನು ದೋಣಿಯಲ್ಲಿ ದಾಟುತ್ತಿದ್ದುದು, ದೋಣಿ ತಪ್ಪಿದರೆ ದಡದಲ್ಲಿ ಕುಳಿತು ಕಾಯುತ್ತಿದ್ದುದು, ಆ ದಡದಲ್ಲೇ ಕೊಂಕಣಿ ಮಾತು ಕಲಿತುದು ಎಲ್ಲವನ್ನೂ ಮುಪ್ಪಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರಂತೆ. “ಆ ಸೀಮೆಯನ್ನು ನಾನು ಬಸ್ಸಿನಲ್ಲಿ ಕೂತು ನೋಡಲಿಲ್ಲ, ದೋಣಿ ಬರದೆ ಇದ್ದಾಗ ನೋಡಿದೆ ಎನ್ನುತ್ತಿದ್ದರು ಅಪ್ಪ.”

ಯಜಮಾನರು ನಡಿಗೆಯನ್ನು ನಿಲ್ಲಿಸಿದರು. “ಮಾವನವರು ಹೊನ್ನಾವರದಲ್ಲಿದ್ದರೆಂದು ನೀನು ಒಂದು ದಿನವೂ ಹೇಳಲಿಲ್ಲವಲ್ಲ!”

“ಹೇಳುವುದಕ್ಕೆ ಹೊತ್ತೆಲ್ಲಿತ್ತು?” ಎಂದರು ಆಕೆ. ಅದರಲ್ಲಿ ದೂರಿರಲಿಲ್ಲ, ಇದ್ದುದನ್ನು ಇದ್ದಂತೆ ಹೇಳಿದ ಧ್ವನಿಯಷ್ಟೇ. ಸ್ವಲ್ಪ ದೂರ ಹೋದ ಮೇಲೆ ಆಕೆಯೇ ಮುಂದುವರಿಸಿದರು: “ನಿಮ್ಮ ಪಟ್ಟಿ ಚೆನ್ನಾಗಿಯೇ ಇದೆ. ಆದರೆ ಅದನ್ನು ಓದುವಾಗ, ನೀವು ಯಾವುದೋ ಸಾಲ ತೀರಿಸುತ್ತಿದ್ದೀರಿ ಎನ್ನಿಸಿತು. ಎಂಟು ವರ್ಷ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ, ಅದಕ್ಕೆ ಒಂದೇ ವಾರದಲ್ಲಿ ಬಡ್ಡಿ ಸಹಿತ ಇಪ್ಪತ್ತಮೂರು ಊರು. ಅಮ್ಮನವರನ್ನು ನೋಡಿಕೊಂಡದ್ದು ಸಾಲವಲ್ಲ ರೀ. ನನಗೆ ಊರುಗಳು ಬೇಡ. ಗಡಿಯಾರ ನೋಡದೆ ಎಲ್ಲಾದರೂ ಕೂತಿರಬೇಕು. ಒಳಗಿಂದ ಯಾರೋ ಕರೆದಾರು ಎಂದು ಕಿವಿ ನಿಗುರಿಸದೆ ಕೂತಿರಬೇಕು. ಅದು ಇನ್ನೂ ನನ್ನಿಂದ ಆಗುತ್ತದೆಯೋ ಇಲ್ಲವೋ, ನೋಡಬೇಕು.”

ಕನ್ನಡದ ಅತ್ಯಂತ ಪ್ರಸಿದ್ಧವಾದ ಗಂಡಹೆಂಡಿರ ಸಲ್ಲಾಪ ಕರಾವಳಿಯದೇ. ಉಡುಪಿಯ ಸೀಮೆಯ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣ ಕವಿ ತನ್ನ ‘ರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಪತಿಯನ್ನೂ, ನಡುನಡುವೆ ತಡೆದು ತನಗೆ ಬೇಕಾದ ಕಥೆಯನ್ನೇ ಹೇಳಿಸಿಕೊಳ್ಳುವ ಮನೋರಮೆಯನ್ನೂ ಚಿತ್ರಿಸಿದ. ಕಥೆ ಯಾರದು, ಅದು ಯಾರ ಇಷ್ಟದಂತೆ ಸಾಗಬೇಕು ಎಂಬ ಮಾತು ಅಲ್ಲಿಯೂ ಇದೆ. ಬೇಗೂರಿನ ಯಜಮಾನರು ಮುದ್ದಣನಷ್ಟು ಮಾತುಗಾರರಲ್ಲ. ಅವರು ಕೆರೆಯ ಏರಿಯ ಮೇಲೆ ಏನನ್ನೂ ಹೇಳಲಿಲ್ಲ. ಮನೆಗೆ ಬಂದು ಪಟ್ಟಿಯನ್ನು ಮಡಿಸಿ ಪುಸ್ತಕದಲ್ಲಿಟ್ಟು, ಹೊಸ ಹಾಳೆಯನ್ನು ಆಕೆಯ ಮುಂದೆ ಚಾಚಿದರು.

ಹೊಸ ಹಾಳೆಯಲ್ಲಿ ಮೂಡಿದ ಏರ್ಪಾಡು ಹೀಗಿತ್ತು. ಸೋಮವಾರ ಬೆಳಕು ಹರಿಯುವ ಮುಂಚೆ ಬೇಗೂರನ್ನು ಬಿಟ್ಟು, ನಗರದ ಒಳಗೆ ಸಿಕ್ಕಿಕೊಳ್ಳದೆ ನೈಸ್ ರಸ್ತೆಯಿಂದ ತುಮಕೂರು ರಸ್ತೆಯನ್ನು ಹಿಡಿದು, ನೆಲಮಂಗಲದಲ್ಲಿ ತಿರುಗಿ ಹಾಸನ, ಸಕಲೇಶಪುರ. ಅಲ್ಲಿಂದ ಶಿರಾಡಿ ಘಾಟಿಯನ್ನು ಹಗಲಿನಲ್ಲಿಯೇ ಇಳಿಯಬೇಕು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಳ್ಳುವ ನೇತ್ರಾವತಿ ಅಲ್ಲಿಂದ ಮುಂದೆ ದಾರಿಯ ಜೊತೆಗಾತಿ. ಒಟ್ಟು ಸುಮಾರು 350 ಕಿಲೋಮೀಟರು, ಸಂಜೆಗೆ ಮಂಗಳೂರು. ಆ ದಿನ ಇನ್ನೇನೂ ಇಲ್ಲ. ಮಂಗಳವಾರ ಉಡುಪಿ, ಅದು ಎರಡು ಗಂಟೆಯ ದಾರಿಯೂ ಅಲ್ಲವಾದ್ದರಿಂದ ಮಧ್ಯಾಹ್ನ ಮಲ್ಪೆಗೆ ಬಿಡುವು. ಬುಧವಾರ ಬೆಳಿಗ್ಗೆ ಹೊರಟು ಮರವಂತೆಯಲ್ಲಿ ಎರಡು ಮೂರು ಗಂಟೆ ನಿಂತು ಸಂಜೆಯ ಬಿಸಿಲಿಗೆ ಹೊನ್ನಾವರ. ಗುರುವಾರ ಹೊನ್ನಾವರದಲ್ಲಿಯೇ. ಶುಕ್ರವಾರ ಗೋಕರ್ಣ. ಶನಿವಾರ ಹೊನ್ನಾವರದವರೆಗೆ ಹಿಂದಕ್ಕೆ ಬಂದು ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರದ ಮೇಲೆ ಶಿವಮೊಗ್ಗ. ಮರಳುವ ದಾರಿಯನ್ನು ಒಂದೇ ಉಸಿರಿಗೆ ಓಡಿಸಿದರೆ ವಾರದ ವಿಶ್ರಾಂತಿಯೆಲ್ಲ ಒಂದು ದಿನದಲ್ಲಿ ಕರಗುತ್ತದೆಂದು ಅದನ್ನು ಎರಡು ತುಂಡು ಮಾಡಿದರು. ಭಾನುವಾರ ಮಧ್ಯಾಹ್ನಕ್ಕೆ ಬೇಗೂರು. ಇಪ್ಪತ್ತಮೂರು ಹೆಸರುಗಳಲ್ಲಿ ಉಳಿದವು ಉಡುಪಿ, ಮಲ್ಪೆ, ದ್ವೀಪ, ಮರವಂತೆ, ಹೊನ್ನಾವರ, ಗೋಕರ್ಣ, ಹೀಗೆ ಆರು.

ಉಳಿದ ಹದಿನೇಳನ್ನು ಕಳೆಯುವಾಗ ಯಜಮಾನರಿಗೆ ನೋವಾಗದೆ ಇರಲಿಲ್ಲ. ಮುರ್ಡೇಶ್ವರ ಹೋಯಿತು, ಮಿರ್ಜಾನ್ ಹೋಯಿತು. ಕಾರವಾರದ ಬಳಿ ಅವರ ಪೆನ್ಸಿಲು ಬಹಳ ಹೊತ್ತು ತಡೆಯಿತು. “ಠಾಕೂರರನ್ನೇ ಬಿಡುವುದೇ?” ಎಂದರು. “ಠಾಕೂರರು ಒಂದು ಗಂಟೆ ಇದ್ದು ಬಂದವರಲ್ಲ. ಹಾಗೆ ಇರುವುದಕ್ಕೆ ಆದಾಗ ಹೋಗೋಣ” ಎಂದು ಗೃಹಿಣಿ ತೀರ್ಪು ಕೊಟ್ಟರು. ದ್ವೀಪವನ್ನು ಮಾತ್ರ ಯಜಮಾನರು ಬಿಟ್ಟುಕೊಡಲಿಲ್ಲ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗಿ ಕಂಬಗಳಂತೆ ನಿಂತ ಬಂಡೆಗಳು ಅಲ್ಲಿವೆ. “ಅಷ್ಟು ಹಳೆಯ ಸಂಸಾರವೂ ಒಡೆಯಿತು, ನೋಡು” ಎಂದು ಯಜಮಾನರು ಹಾಸ್ಯ ಮಾಡಿದರು. “ಅವರಿಬ್ಬರೂ ಒಟ್ಟಿಗೆ ಪ್ರವಾಸದ ಪಟ್ಟಿ ಮಾಡಿರಬೇಕು” ಎಂದರು ಗೃಹಿಣಿ.

ಕಾರವಾರದ ದಾರಿಯನ್ನು ನಕ್ಷೆಯಲ್ಲಿ ಅಳೆಯುತ್ತಿದ್ದಾಗ ಇನ್ನೊಂದು ಸಂಗತಿ ಎದುರಿಗೆ ಬಂದಿತ್ತು. ದೂರವಾಣಿಯ ನಕ್ಷೆಯಲ್ಲಿ ಯಜಮಾನರು ‘ಶಿರೂರು’ ಎಂದು ಹುಡುಕಿದರೆ ಅದೇ ಹೆದ್ದಾರಿಯಲ್ಲಿ ಎರಡು ಶಿರೂರುಗಳು ಬಂದವು. ಬೈಂದೂರನ್ನು ದಾಟಿದ ಮೇಲೆ, ಉಡುಪಿ ಜಿಲ್ಲೆ ಮುಗಿದು ಉತ್ತರ ಕನ್ನಡ ಮೊದಲಾಗುವ ಕಡೆ ಒಂದು; ಅಲ್ಲಿ ವಾಹನಗಳು ಸುಂಕ ತೆತ್ತು ಮುಂದಕ್ಕೆ ಹೋಗುತ್ತವೆ. ಇನ್ನೊಂದು ಅಂಕೋಲೆಯ ಬಳಿ, ಗಂಗಾವಳಿಯ ದಡದಲ್ಲಿ. ಅಲ್ಲಿ 2024ರ ಜುಲೈ 16ರ ಬೆಳಿಗ್ಗೆ ಮಳೆಗೆ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದು, ಪಕ್ಕದ ಚಹದಂಗಡಿಯವರನ್ನೂ ದಾರಿಹೋಕರನ್ನೂ ಬಲಿ ತೆಗೆದುಕೊಂಡಿತು. ನದಿಗೆ ಬಿದ್ದ ಲಾರಿಯೊಂದನ್ನು ತಳದಿಂದ ಎತ್ತಲು ಸೆಪ್ಟೆಂಬರ್ ಕಡೆಯ ವಾರದವರೆಗೆ ಕಾಯಬೇಕಾಯಿತು. ಆ ದುರಂತದ ಮೂರು ವಾರಗಳಲ್ಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನೀರಿಗೆ ಬಿದ್ದರೂ ಚಾಲಕ ಬದುಕಿ ಉಳಿದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಗುಡ್ಡವನ್ನು ಕಡಿದು ಅಗಲ ಮಾಡಿದ ರಸ್ತೆಯ ಮೇಲೆ ಓಡಿಸುವವನು ಗುಡ್ಡವೂ ನದಿಯೂ ತನ್ನ ವೇಳಾಪಟ್ಟಿಯನ್ನು ಓದಿಕೊಂಡಿವೆ ಎಂದು ಭಾವಿಸಬಾರದು. ಅಂದು ಎರಡು ನಿಯಮಗಳು ಹಾಳೆಯ ತುದಿಯನ್ನು ಸೇರಿದವು: ಕತ್ತಲಾದ ಮೇಲೆ ಕಾರು ಓಡಿಸಕೂಡದು, ಯಾವ ದಿನವೂ ಪ್ರಯಾಣ ಐದು ಗಂಟೆಯನ್ನು ಮೀರಕೂಡದು. ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಎರಡನೆಯ ನಿಯಮದಿಂದ ವಿನಾಯಿತಿ.

ಓಡಿಸುವವರು ಯಾರೆಂಬುದು ಪಟ್ಟಿಯಲ್ಲಿ ಬರೆಯದೆಯೇ ತೀರ್ಮಾನವಾಗಿದ್ದ ವಿಷಯವೆಂದು ಯಜಮಾನರ ನಂಬಿಕೆ. ಅದೂ ಉಳಿಯಲಿಲ್ಲ. “ಘಟ್ಟ ಎರಡೂ ನಿಮ್ಮದು. ಉಡುಪಿಯಿಂದ ಹೊನ್ನಾವರದವರೆಗೆ ನಾನು ಓಡಿಸುತ್ತೇನೆ” ಎಂದರು ಗೃಹಿಣಿ. ಅತ್ತೆಯವರನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಲೆಂದು ಕಲಿತ ವಿದ್ಯೆ ಅದು. ಬನ್ನೇರುಘಟ್ಟ ರಸ್ತೆಯ ಸಂಚಾರದಲ್ಲಿ ಎಂಟು ವರ್ಷ ಪಳಗಿದ ಕೈ. ಅಂಥ ಕೈಗೆ ಹೆದ್ದಾರಿ ಹೆಚ್ಚಲ್ಲವೆಂದು ಯಜಮಾನರು ಒಪ್ಪಿದರು. ಒಪ್ಪದೆ ಉಪಾಯವೂ ಇರಲಿಲ್ಲ. ಆಮೇಲೆ ಅವರಿಗೆ ಹೊಳೆದದ್ದು, ಹಾಗಾದರೆ ಮರವಂತೆಯಲ್ಲಿ ತಾನು ಕಿಟಕಿಯ ಹೊರಗೆ ನೋಡಬಹುದು ಎಂದು. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಕಡಲನ್ನು ಸೇರಲು ಬಂದ ನದಿ, ಕೂಗಳತೆಯಲ್ಲಿ ಕಡಲಿದ್ದರೂ, ತಿರುಗಿ ಇನ್ನಷ್ಟು ದೂರ ಹರಿದು ಗಂಗೊಳ್ಳಿಯಲ್ಲಿ ಬೇರೆ ನದಿಗಳನ್ನು ಕೂಡಿಕೊಂಡು ಅಳಿವೆಯಾಗುತ್ತದೆ. ಸೀಮೆಯ ಈ ತುಂಡು ಕನ್ನಡಕ್ಕೆ ಬಹಳ ಕೊಟ್ಟಿದೆ: 1902ರಲ್ಲಿ ಕೋಟದಲ್ಲಿ ಶಿವರಾಮ ಕಾರಂತರು, 1918ರಲ್ಲಿ ಮರವಂತೆಗೆ ಸಮೀಪದ ಮೊಗೇರಿಯಲ್ಲಿ ಗೋಪಾಲಕೃಷ್ಣ ಅಡಿಗರು.

ಗೋಕರ್ಣದ ದಿನಕ್ಕೆ ಗೃಹಿಣಿ ಒಂದು ವಿಚಿತ್ರವಾದ ಕಾರ್ಯಕ್ರಮವನ್ನು ಸೇರಿಸಿದರು. ಗೋಕರ್ಣಕ್ಕೆ ಹತ್ತಿರದ ತದಡಿಯಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಆಚೆ ದಡದ ಊರಿಗೂ ಅಘನಾಶಿನಿಯೆಂದೇ ಹೆಸರು. ಎರಡರ ನಡುವೆ ದೋಣಿಯ ದಾಟು ಉಂಟು. ಕಾರನ್ನು ತದಡಿಯಲ್ಲಿ ನಿಲ್ಲಿಸಿ, ದೋಣಿಗೆ ಕಾದು, ಆಚೆ ದಡಕ್ಕೆ ಹೋಗುವುದು. ಅಲ್ಲಿ ಸ್ವಲ್ಪ ಕುಳಿತು ಮತ್ತೊಂದು ದೋಣಿಗೆ ಕಾದು ಹಿಂದಿರುಗುವುದು.

“ಆಚೆ ದಡದಲ್ಲಿ ನೋಡುವುದಕ್ಕೆ ಏನಿದೆ?”

“ಈಚೆ ದಡ ಕಾಣುತ್ತದೆ.”

ಯಜಮಾನರು ಈ ಸಲ ವಾದಿಸಲಿಲ್ಲ. ತಾವೇ ಓದಿ ಎರಡು ವಿಷಯಗಳನ್ನು ತಂದು ಸೇರಿಸಿದರು. ಅಘನಾಶಿನಿ ಉದ್ದಕ್ಕೂ ಅಣೆಕಟ್ಟಿಲ್ಲದೆ ಹರಿಯುವ ನದಿ. ಅದರ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ‘ಕಗ್ಗ’ ಎಂಬ ಭತ್ತ ಬೆಳೆಯುತ್ತದೆ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಶರಾವತಿಯ ಕಥೆ ಬೇರೆ. 1964ರ ಲಿಂಗನಮಕ್ಕಿ ಅಣೆಕಟ್ಟು ಅದನ್ನು ಘಟ್ಟದ ಮೇಲೆಯೇ ತಡೆದು ನಿಲ್ಲಿಸಿತು. ಬೆಂಗಳೂರಿನ ದೀಪಗಳು ಎಷ್ಟೋ ಕಾಲದಿಂದ ಅದರ ಹಂಗಿನಲ್ಲಿವೆ. ಮಾವನವರು ಕಾದು ಕುಳಿತಿದ್ದುದು ಆ ತಡೆಗೆ ಮುಂಚಿನ ಶರಾವತಿಯ ದಡದಲ್ಲಿ. “ಹಾಗಾದರೆ ನಾವು ನೋಡುವ ನದಿ ಅಪ್ಪ ನೋಡಿದ್ದಲ್ಲ” ಎಂದು ಗೃಹಿಣಿ ಮೆಲ್ಲಗೆ ಹೇಳಿದರು. “ದಡ ಅದೇ” ಎಂದರು ಯಜಮಾನರು. ಈ ವಿಷಯದಲ್ಲಿ ಅವರಾಡಿದ ಮಾತುಗಳಲ್ಲೆಲ್ಲ ಇದೇ ಅತ್ಯಂತ ಚಿಕ್ಕದು. ಬಹುಶಃ ಅತ್ಯಂತ ಉಪಯುಕ್ತವಾದುದೂ.

ಅಳಿವೆಯ ಬದಿಗೆ ಹೋಗುವವರು ಉಬ್ಬರ ಇಳಿತದ ಹೊತ್ತನ್ನು ಅರಿತಿರಬೇಕು. ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡವಾಗಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಯಜಮಾನರು ಇದನ್ನು ದೂರವಾಣಿಯಲ್ಲಿ ಹುಡುಕಿದರು. ಗೃಹಿಣಿ ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಿದರು. ಇಬ್ಬರ ಉತ್ತರವೂ ಒಂದೇ ಆದುದರಿಂದ ಆ ಸಂಜೆ ಮನೆಯಲ್ಲಿ ವಿಶೇಷ ಸೌಹಾರ್ದವಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಊರುಗಳನ್ನು ಕಳೆದುಕೊಂಡ ಯಜಮಾನರು ನದಿಗಳ ಪಟ್ಟಿಯನ್ನು ಮಾಡಿದರು: ನೇತ್ರಾವತಿ, ಫಲ್ಗುಣಿ, ನಂದಿನಿ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣೆ, ಸೀತೆ, ಹಾಲಾಡಿ ಹೊಳೆಯೆಂದು ಕರೆಯುವ ವಾರಾಹಿ, ಸೌಪರ್ಣಿಕೆ, ಶರಾವತಿ, ಅಘನಾಶಿನಿ. ಚಿಕ್ಕ ಹಳ್ಳಗಳನ್ನು ಬಿಟ್ಟು ಹನ್ನೊಂದು. ಪ್ರತಿಯೊಂದನ್ನು ದಾಟಿದ ಮೇಲೂ, ವಾಹನ ನಿಲ್ಲಿಸಲು ಸುರಕ್ಷಿತವಾದ ಸ್ಥಳ ಸಿಕ್ಕಿದರೆ, ಇಳಿದು ನೀರನ್ನು ನೋಡತಕ್ಕದ್ದೆಂದು ಟಿಪ್ಪಣಿ. ಗೃಹಿಣಿ ಇದಕ್ಕೆ ಅನುಮತಿಯಿತ್ತರು. ಪುಣೆಯಿಂದ ಮಗ ದೂರವಾಣಿಯಲ್ಲಿ, “ಎಷ್ಟು ಸ್ಥಳ ಕವರ್ ಮಾಡುತ್ತೀರಮ್ಮ?” ಎಂದು ಕೇಳಿದಾಗ, “ಆರು ಊರು, ಹನ್ನೊಂದು ಹೊಳೆ” ಎಂದು ಆಕೆಯೇ ಹೇಳಿದರು. ಅಷ್ಟೇಯೇ ಎಂದು ಅವನಿಗೆ ಅನುಮಾನ. ಅವನು ತಂದೆಯ ಪಂಗಡದವನು.

ಹೊರಡುವ ಮುನ್ನಾದಿನ ಹಾಲಿನವನಿಗೆ ಹೇಳಿಯಾಯಿತು. ತುಳಸಿಗೆ ನೀರು ಹಾಕುವ ಹೊಣೆ ಪಕ್ಕದ ಮನೆಯವರಿಗೆ ಹೋಯಿತು. ರಕ್ತದೊತ್ತಡದ ಮಾತ್ರೆಗಳು ಎರಡು ಚೀಲಗಳಲ್ಲಿ ಬೇರೆ ಬೇರೆಯಾಗಿ ಕುಳಿತವು. ಯಜಮಾನರು ಹಾಳೆಯನ್ನು ಶುದ್ಧ ಪ್ರತಿ ಮಾಡಿದರು. ಗುರುವಾರದ ಸಾಲು ಬರಿದಾಗಿತ್ತು. ಆ ಬರಿದು ಜಾಗ ಅವರ ಕಣ್ಣಿಗೆ ಬಹಳ ಹೊತ್ತು ಚುಚ್ಚಿರಬೇಕು. ರಾತ್ರಿ ಅಲ್ಲಿ ತೆಳುವಾದ ಪೆನ್ಸಿಲಿನ ಬರೆಹ ಕಾಣಿಸಿಕೊಂಡಿತು: ‘ಶರಾವತಿಯ ದಂಡೆ. ಬೆಳಿಗ್ಗೆ 8ರಿಂದ 11.’

ಬೆಳಗಿನ ಜಾವ ದೀಪ ಹಾಕಿದ ಗೃಹಿಣಿ ಅದನ್ನು ನೋಡಿದರು. ರಬ್ಬರು ಹುಡುಕಿ, ಗಂಟೆಯನ್ನು ಅಳಿಸಿ, ದಂಡೆಯನ್ನು ಹಾಗೆಯೇ ಉಳಿಸಿ, ಹಾಳೆಯನ್ನು ಕೈಚೀಲದಲ್ಲಿಟ್ಟುಕೊಂಡರು.